ಓದದೆ ಹೊಗಳಿದ ಅರವತ್ತು ಪುಸ್ತಕಗಳು

ಆ ಅರವತ್ತು ಪುಸ್ತಕಗಳಲ್ಲಿ ಒಂದನ್ನೂ ನಾನು ಪೂರ್ತಿ ಓದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಒಳಗೆ ಹೋಗಿ ನೀರು ಕುಡಿದು ಬಂದೆ. ವಾಕ್ಯ ಹಾಗೇ ಇದೆ, ತಾನಾಗಿ ಅಳಿಸಿಹೋಗಿಲ್ಲ. ಮುಂದುವರಿಯಲೇಬೇಕು.

ಈ ಪತ್ರಿಕೆಯಲ್ಲಿ ಐದು ವರ್ಷ, ತಿಂಗಳಿಗೊಂದರಂತೆ, ಎಲ್ಲರೂ ಓದಲೇಬೇಕಾದ ಪುಸ್ತಕ ಇದು, ಇದನ್ನು ಓದದೆ ಸಾಯಬಾರದು ಎಂದೆಲ್ಲ ನಿಮಗೆ ಉಪದೇಶ ಮಾಡಿದವನು ನಾನೇ. ನಿಮ್ಮಲ್ಲಿ ಕೆಲವರು ಆ ಅಂಕಣವನ್ನು ಕತ್ತರಿಸಿ ಇಟ್ಟುಕೊಂಡಿದ್ದೀರಿ. ಗೋಣಿಕೊಪ್ಪಲಿನ ಮೇಷ್ಟ್ರೊಬ್ಬರು ರಟ್ಟು ಹಾಕಿಸಿ ಬೈಂಡ್ ಮಾಡಿಸಿದ್ದಾರಂತೆ. ಅವರು ಎದುರಿಗೆ ಬಂದರೆ ನಾನು ರಸ್ತೆ ದಾಟುತ್ತೇನೆ. ಈಗ ನನಗೆ ನಿವೃತ್ತಿಯಾಗಿದೆ. "ಕೊನೇದಾಗಿ ನಿಮ್ಮ ಮೆಚ್ಚಿನ ಹತ್ತು ಪುಸ್ತಕದ ಪಟ್ಟಿ ಕೊಟ್ಟುಬಿಡಿ" ಎಂದು ಸಂಪಾದಕರು ಕೇಳಿದರು. ಪಟ್ಟಿಯ ಬದಲು ಇದನ್ನು ಕೊಡುತ್ತಿದ್ದೇನೆ. ಅಚ್ಚು ಮಾಡುವುದು ಬಿಡುವುದು ಅವರ ಧರ್ಮ.

ವಿರಾಜಪೇಟೆಯ ಹತ್ತಿರದ ಒಂದು ಊರಿನ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕನಾಗಿದ್ದೆ. ದೊಡ್ಡ ಮಾತು. ಒಂದು ಕೋಣೆ, ನಾಲ್ಕು ಬೀರು, ಒಂದು ಮೇಜು, ಮೇಜಿನ ಹಿಂದೆ ನಾನು. ಪುಸ್ತಕಗಳನ್ನು ನಾನು ಚೆನ್ನಾಗಿ ಕಾಯುತ್ತಿದ್ದೆ — ಇದನ್ನು ನನ್ನ ಶತ್ರುಗಳೂ ಒಪ್ಪುತ್ತಾರೆ. ಗೆದ್ದಲು ಹತ್ತಗೊಡಲಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯಗೊಡಲಿಲ್ಲ. ಓದುವುದೊಂದು ಮಾತ್ರ ಆಗಲಿಲ್ಲ. ಮೊದಲ ಪುಟ ಓದುತ್ತಿದ್ದೆ, ಕೊನೆಯ ಪುಟ ಓದುತ್ತಿದ್ದೆ. ನಡುವಿನದಕ್ಕೆ ಕೈ ಹಾಕಿದರೆ ನಿದ್ದೆ ಬರುತ್ತಿತ್ತು. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುತ್ತಾನೆಯೇ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಅವನು ಮಿಠಾಯಿಯ ಮೇಲೆ ಅಂಕಣ ಬರೆಯುವುದಿಲ್ಲ.

ಹಾಗಾದರೆ ಏನು ಬರೆದೆ?

ಜಯಮ್ಮ ಹೇಳಿದ್ದನ್ನು ಬರೆದೆ.

ಜಯಮ್ಮ ಬಿಟ್ಟಂಗಾಲದ ಕಡೆಯ ಒಂದು ಕಾಫಿ ತೋಟದಲ್ಲಿ ಕೆಲಸಕ್ಕಿದ್ದವರು. ಅವರ ಅಪ್ಪ ಅಮ್ಮ ಮೈಸೂರು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಹತ್ತನೇ ಕ್ಲಾಸು ಪಾಸಾಗಿತ್ತು, ಮದುವೆಯಾಯಿತು, ತೋಟದ ಲೈನ್ ಮನೆಗೆ ಬಂದರು. ಶನಿವಾರ ಸಂಜೆ, ಕೆಲಸ ಬಿಟ್ಟವರು ನೇರ ನನ್ನ ಮೇಜಿಗೆ ಬರುತ್ತಿದ್ದರು. ಪುಸ್ತಕ ವಾಪಸು ಕೊಟ್ಟು, ಇನ್ನೊಂದು ತೆಗೆದುಕೊಂಡು, ಹೋಗುವ ಮೊದಲು ಹತ್ತು ನಿಮಿಷ ನಿಂತು — ಕುರ್ಚಿ ಇತ್ತು, ಕೂರಿ ಎಂದು ನಾನು ಒಂದು ದಿನವೂ ಹೇಳಲಿಲ್ಲ — ನಿಂತೇ ಓದಿದ್ದನ್ನು ಹೇಳುತ್ತಿದ್ದರು.

"ಸಾರ್, ಈ ಕಥೆಯ ಗಂಡಸು ಅಳೋದು ಜಾಸ್ತಿ, ದುಡಿಯೋದು ಕಮ್ಮಿ. ಅವನ ಹೆಂಡ್ತಿ ಮಾತಾಡೋದು ಮೂರೇ ಸಲ. ಆ ಮೂರು ಸಲಕ್ಕೋಸ್ಕರ ಇದನ್ನ ಓದ್ಬೇಕು."

ಇನ್ನೊಂದು ದಪ್ಪ ಪುಸ್ತಕದ ಬಗ್ಗೆ: "ಮೊದಲ ಐವತ್ತು ಪುಟ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ತಾರೆ. ಬೇಜಾರಾಗಿ ಹೊರಟೇಬಿಡೋಣ ಅನ್ಸುತ್ತೆ. ಹೋಗ್ಬಾರ್ದು. ಆಮೇಲೆ ಒಳಗೆ ಕರೆದು ಹೊಟ್ಟೆ ತುಂಬ ಊಟ ಹಾಕ್ತಾರೆ."

ಈ ಎರಡು ಮಾತು ನಿಮಗೆ ಗುರುತು ಸಿಕ್ಕಿರಬೇಕು. ಎರಡೂ ನನ್ನ ಹೆಸರಿನಲ್ಲಿ ಇದೇ ಪತ್ರಿಕೆಯಲ್ಲಿ ಬಂದವು. ಬಾಗಿಲು ಮತ್ತು ಊಟದ ಮಾತಿಗೆ ನನಗೆ ಒಂದು ಸಭೆಯಲ್ಲಿ ಶಾಲು ಹೊದಿಸಿದರು. 'ಎಷ್ಟು ನೆಲದ ಮಾತು, ಎಷ್ಟು ಅನುಭವದ ಮಾತು' ಎಂದು ಭಾಷಣಕಾರರೊಬ್ಬರು ಗದ್ಗದಿತರಾದರು. ನಾನೂ ಸ್ವಲ್ಪ ಗದ್ಗದಿತನಾದೆ — ನಾಚಿಕೆಯಿಂದಲ್ಲ. ಆ ಹೊತ್ತಿಗೆ ಮಾತು ನನ್ನದೇ ಎಂದು ನನಗೂ ಅನ್ನಿಸತೊಡಗಿತ್ತು.

ಪತ್ರಿಕೆ ಗ್ರಂಥಾಲಯಕ್ಕೂ ಬರುತ್ತಿತ್ತು. ಅಂದರೆ ಜಯಮ್ಮನ ಕೈಗೂ. ಅಂಕಣ ಬಂದ ವಾರ ಅವರು ಅದನ್ನು ಮೇಜಿನ ಆ ಕಡೆ ನಿಂತು ಓದಿ, ಮಡಚಿಟ್ಟು, "ಚೆನ್ನಾಗಿ ಬರ್ದಿದ್ದೀರಿ ಸಾರ್" ಎನ್ನುತ್ತಿದ್ದರು. ಒಂದು ಮಾತು ಹೆಚ್ಚಿಲ್ಲ. ಆಮೇಲೆ ಆ ವಾರದ ಪುಸ್ತಕದ ಬಗ್ಗೆ ಮತ್ತೆ ಹೇಳುತ್ತಿದ್ದರು — ಗೊತ್ತಿದ್ದೂ. ಯಾಕೆ ಹೇಳುತ್ತಿದ್ದರು ಎಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ...

ಇದು ಕಳ್ಳತನದ ಭಾಗ. ಇದಕ್ಕಾದರೂ ಏನೋ ಒಂದು ಕ್ಷಮೆ ಇರಬಹುದು. ನಾನು ಬರೆಯಲು ಕೂತದ್ದು ಇದಕ್ಕಾಗಿ ಅಲ್ಲ.

ಜಯಮ್ಮ ತರುತ್ತಿದ್ದ ಪುಸ್ತಕಗಳಲ್ಲಿ ಒಂದು ದೋಷವಿತ್ತು. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಅದರ ಅಂಟು ಬೆರಳಿಗೆ ಹತ್ತಿ ಕಪ್ಪಗಾಗುತ್ತದೆ. ಸೋಪಿಗೆ ಹೋಗುವುದಿಲ್ಲ. ಪುಟ ತಿರುಗಿಸುವ ಮೂಲೆಯಲ್ಲಿ ಹೆಬ್ಬೆರಳಿನ ಕಲೆ ಬೀಳುತ್ತಿತ್ತು — ಮೊದಲ ಪುಟದಿಂದ ಕಡೆಯ ಪುಟದವರೆಗೆ, ಒಂದೂ ತಪ್ಪದೆ. ನಾನು ಸೋಮವಾರ ಬೆಳಿಗ್ಗೆ ರಬ್ಬರು ಹಿಡಿದು ಕೂತು ಒಂದೊಂದನ್ನೂ ಉಜ್ಜುತ್ತಿದ್ದೆ. "ಏನಮ್ಮ, ಕೈ ತೊಳ್ಕೊಂಡು ಓದೋಕಾಗಲ್ವಾ?" ಎಂದು ನಾಲ್ಕು ಜನರ ಮುಂದೆ ಗದರಿದ್ದೂ ಉಂಟು. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದರು.

ಅಂಕಣದ ಮೂರನೆಯ ವರ್ಷದ ಕೊನೆಗೆ ಪಕ್ಕದ ಪಂಚಾಯಿತಿಯ ಗ್ರಂಥಾಲಯಕ್ಕೆ ಮೇಲ್ವಿಚಾರಕರು ಬೇಕಾದರು. ಜಯಮ್ಮ ಅರ್ಜಿ ಹಾಕಿದರು. ಅವರಿಗೆ ಆಗಲೇ ಮಂಡಿ ನೋವು. ತೋಟದ ಇಳಿಜಾರಿನಲ್ಲಿ ಚೀಲ ಹೊತ್ತು ಇಳಿಯುವುದು ಆಗುತ್ತಿರಲಿಲ್ಲ. ಆ ಶನಿವಾರ ನನಗೆ ಪುಸ್ತಕದ ಬಗ್ಗೆ ಏನೂ ಹೇಳಲಿಲ್ಲ. "ಅರ್ಜಿ ಹಾಕಿದ್ದೀನಿ ಸಾರ್. ನಿಮ್ಮನ್ನ ಕೇಳ್ತಾರಂತೆ" ಎಂದರು. ಜೀವನದಲ್ಲಿ ಅವರು ನನ್ನನ್ನು ಕೇಳಿದ್ದು ಅಷ್ಟೇ. ಅದನ್ನೂ ಕೇಳಿದ ಹಾಗೆ ಕೇಳಲಿಲ್ಲ.

ಕೇಳಿದರು. ಆ ಪಂಚಾಯಿತಿಯ ಅಧ್ಯಕ್ಷರು ಫೈಲು ಮುಂದಿಟ್ಟುಕೊಂಡು ನನ್ನನ್ನು ಕರೆಸಿದರು. ಪಕ್ಕದಲ್ಲಿ ಗುಮಾಸ್ತರು.

"ನಿಮ್ಮಲ್ಲಿಗೆ ಬರ್ತಾಳಲ್ಲ, ತೋಟದ ಜಯಮ್ಮ, ಅವಳದ್ದೂ ಒಂದು ಅರ್ಜಿ ಉಂಟು. ಹೇಗೆ? ಓದೋ ಪೈಕಿಯಾ?"

ಒಂದು ಕ್ಷಣ ನನ್ನ ಕಣ್ಣ ಮುಂದೆ ಏನು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮೇಲ್ವಿಚಾರಕರಿಗೆಲ್ಲ ಆಗಾಗ ಸಭೆ ಇರುತ್ತದೆ. ಜಯಮ್ಮ ಅಲ್ಲಿ ಕುರ್ಚಿಯ ಮೇಲೆ ಕೂತಿರುತ್ತಾರೆ. ಯಾರೋ ಒಂದು ಪುಸ್ತಕದ ಮಾತೆತ್ತುತ್ತಾರೆ. ಜಯಮ್ಮ ಬಾಯಿ ತೆರೆಯುತ್ತಾರೆ. ಎರಡೇ ಮಾತು ಸಾಕು, ಅಂಕಣ ಯಾರದ್ದು ಎಂದು ಇಡೀ ಸಭೆಗೆ ತಿಳಿಯುತ್ತದೆ. ಇಷ್ಟೇ. ನನ್ನ ಶಾಲಿನ ಚಿಂತೆ.

ನಾನು ಹೇಳಿದೆ: "ಪುಸ್ತಕ ತಗೊಂಡು ಹೋಗ್ತಾರೆ. ಓದ್ತಾರೋ ಇಲ್ವೋ, ನನಗೆ ಹೇಳೋಕಾಗಲ್ಲ."

ಗಮನಿಸಿ, ಎಷ್ಟು ಜಾಗ್ರತೆಯ ಮಾತು. ಕೋರ್ಟಿನಲ್ಲೂ ನಿಲ್ಲುವಂಥದ್ದು. ಅದು ಸಾಲದೆಂದು ಇನ್ನೊಂದು ಸೇರಿಸಿದೆ: "ವಾಪಸು ಬರುವಾಗ ಪುಸ್ತಕ ಕೊಳೆಯಾಗಿ ಬರ್ತವೆ."

ಅಧ್ಯಕ್ಷರು ನಕ್ಕರು. "ಹಾಗಾದ್ರೆ ಇಲಿಗೆ ಭತ್ತ ಕಾಯೋ ಕೆಲಸ ಕೊಟ್ಟ ಹಾಗಾಯ್ತು" ಎಂದು ಫೈಲು ಮಗುಚಿದರು. ಗುಮಾಸ್ತರೂ ನಕ್ಕರು. ನಾನು — ನಾನೂ ನಕ್ಕೆ.

ಯಾವ ಕಲೆ ಅವರು ಪ್ರತಿಯೊಂದು ಪುಟವನ್ನೂ ಓದಿದ್ದಕ್ಕೆ ಈ ಲೋಕದಲ್ಲಿದ್ದ ಒಂದೇ ಸಾಕ್ಷಿಯಾಗಿತ್ತೋ, ಅದನ್ನೇ ಅವರ ಮೇಲೆ ದೂರಾಗಿ ಹೇಳಿದೆ. ಓದದ ಪುಸ್ತಕಗಳನ್ನು ಊರಿಗೆಲ್ಲ ಶಿಫಾರಸು ಮಾಡಿದವನು, ಗೊತ್ತಿದ್ದ ಒಬ್ಬರನ್ನು ಶಿಫಾರಸು ಮಾಡಲಿಲ್ಲ.

ಕೆಲಸ ಬೇರೆಯವರಿಗಾಯಿತು. ಮುಂದಿನ ಶನಿವಾರ ಜಯಮ್ಮ ಬಂದರು. ಪುಸ್ತಕವನ್ನು ಮೇಜಿನ ಮೇಲಿಟ್ಟು, "ಮುಗಿಸಿಲ್ಲ ಸಾರ್" ಎಂದರು. ಬೇರೆ ಪುಸ್ತಕ ತೆಗೆದುಕೊಳ್ಳಲಿಲ್ಲ. ನಾನು ರಿಜಿಸ್ಟರಿನಲ್ಲಿ ವಾಪಸು ಬಂತೆಂದು ಬರೆದುಕೊಂಡೆ. ತಲೆ ಎತ್ತುವ ಹೊತ್ತಿಗೆ ಅವರು ಹೋಗಿದ್ದರು. ನಾನು ಬೇಕೆಂದೇ ನಿಧಾನವಾಗಿ ಬರೆದಿದ್ದೆ.

ಆಮೇಲೆ ಅವರ ಮನೆಯವರೆಲ್ಲ ತೋಟ ಬಿಟ್ಟು ಬೇರೆ ಕಡೆ ಹೋದರೆಂದು ಕೇಳಿದೆ. ಅಂಕಣ ಮಾತ್ರ ಇನ್ನೂ ಎರಡು ವರ್ಷ ನಡೆಯಿತು. ಯಾರೂ ನಿಲ್ಲಿಸು ಎನ್ನಲಿಲ್ಲ.

ಹೋದ ವರ್ಷ, ಬುಧವಾರ, ಸಂತೆಯ ದಿನ, ವಿರಾಜಪೇಟೆ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಒಣಮೀನಿನ ಚೀಲ ಕಾಲಬುಡದಲ್ಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು. ನಾನು ದಾಟಿ ಹೋಗಬಹುದಿತ್ತು, ರಸ್ತೆ ದಾಟುವುದು ನನಗೆ ಅಭ್ಯಾಸ. ಅವರೇ ಕರೆದರು.

"ಸಾರ್, ಚೆನ್ನಾಗಿದ್ದೀರಾ? ನಿಮ್ಮ ಬರಹ ನೋಡ್ತಾ ಇದ್ದೆ, ನಿಲ್ಲೋ ತನಕ."

"ಹೌದಾ" ಎಂದೆ.

"ಆಮೇಲಾಮೇಲೆ ಸಪ್ಪೆ ಆಯ್ತು. ಪುಸ್ತಕದ ರಟ್ಟಿನ ಹಿಂದೆ ಇರೋದನ್ನೇ ಬರೀತಿದ್ರಿ."

ನನ್ನ ಅರವತ್ತು ಅಂಕಣಗಳಿಗೆ ಬಂದ ಒಂದೇ ಒಂದು ಸರಿಯಾದ ವಿಮರ್ಶೆ ಅದು. ಏನಾದರೂ ಹೇಳಬೇಕಲ್ಲ, ಈಗೇನು ಓದುತ್ತಿದ್ದೀರಿ ಎಂದು ಕೇಳಿದೆ.

"ಬಿಟ್ಟೆ ಸಾರ್. ಒಂದೆರಡು ಸಲ ಹಿಡ್ಕೊಂಡು ಕೂತೆ. ಓದಿದ್ದನ್ನ ಹೇಳೋಕೆ ಒಬ್ರು ಬೇಕಲ್ಲ. ನೀವು ಪೇಪರಿಗೆ ಹಾಕಿದ್ರೆ ಹಾಕ್ಕೊಳ್ಳಿ, ಕೇಳ್ತಿದ್ರಲ್ಲ, ಅಷ್ಟು ಸಾಕಾಗಿತ್ತು."

ಅಷ್ಟರಲ್ಲಿ ಅವರ ಬಸ್ಸು ಬಂತು. ಮಂಡಿ ಹಿಡಿದುಕೊಂಡು ಏಳಲು ಕಷ್ಟಪಟ್ಟರು. ನಾನು ಕೈ ಕೊಡಲೋ ಬೇಡವೋ ಎಂದು ಹಿಂದೆಗೆದೆ. ಅವರು ತಾವೇ ಕೈ ಚಾಚಿದರು.

"ಹಿಡೀರಿ ಸಾರ್. ಈಗ ಕ್ಯೂರಿಂಗ್‌ನಲ್ಲಿ ಒಣಗಿದ ಕಾಫಿ ಬೀಜ ಆರಿಸೋ ಫ್ಯಾಕ್ಟರಿ ಕೆಲಸ. ಕೈ ಚೊಕ್ಕ ಇರುತ್ತೆ. ಕೊಳೆ ಆಗಲ್ಲ."

ಮೆಲ್ಲಗೆ ಹೇಳಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಕೈ ಹಿಡಿದು ಎಬ್ಬಿಸಿದೆ, ಚೀಲ ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದೆ.

ಅಧ್ಯಕ್ಷರ ಕೋಣೆಯ ಆ ಕೊಳೆಯ ಮಾತು, ಆ ನಗು ಅವರ ಕಿವಿಗೆ ಅಂದೇ ಮುಟ್ಟಿತ್ತು. ಗುಮಾಸ್ತರು ಹೇಳಿರಬೇಕು, ಇಂಥ ಮಾತು ಊರಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ. 'ಮುಗಿಸಿಲ್ಲ ಸಾರ್' ಎಂದು ಪುಸ್ತಕ ಇಟ್ಟ ದಿನ ಅವರಿಗೆ ಎಲ್ಲವೂ ಗೊತ್ತಿತ್ತು. ಇಷ್ಟು ವರ್ಷ ನಾನು ಗುಟ್ಟೆಂದು ಕಾಪಾಡಿಕೊಂಡು ಬಂದದ್ದು ಅವರಿಗೆ ಗುಟ್ಟೇ ಆಗಿರಲಿಲ್ಲ. ಗೊತ್ತಿಲ್ಲದವರು ನೀವು ಮಾತ್ರ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಬೈಂಡ್ ಮಾಡಿಸಿದ ಮೇಷ್ಟ್ರು ದಯವಿಟ್ಟು ರಟ್ಟಿನ ಮೇಲೆ ನನ್ನ ಹೆಸರು ಹೊಡೆದುಹಾಕಿ, ಮೊದಲ ಮೂರು ವರ್ಷದ್ದಕ್ಕೆ ಜಯಮ್ಮ ಎಂದು ಬರೆದುಕೊಳ್ಳಬೇಕು. ಉಳಿದ ಎರಡು ವರ್ಷದ್ದನ್ನು ಹರಿದುಹಾಕಬಹುದು. ಇದರಿಂದ ಅವರ ಮಂಡಿ ಸರಿಹೋಗುವುದಿಲ್ಲ. ಬಿಟ್ಟ ಓದು ಮರಳುವುದಿಲ್ಲ. ಗೊತ್ತಿದೆ.

ನಿವೃತ್ತಿಯ ದಿನ ಪುಸ್ತಕಗಳನ್ನು ಎಣಿಸಿ ಒಪ್ಪಿಸುವಾಗ, ಒಂದು ಬೀರುವಿನ ಕೆಳಗಿನ ಅರೆಯಲ್ಲಿ ಅವರು ಕೊನೆಯದಾಗಿ ವಾಪಸು ಕೊಟ್ಟ ಪುಸ್ತಕ ಸಿಕ್ಕಿತು. ಆ ಸೋಮವಾರ ನಾನು ರಬ್ಬರು ಹಿಡಿದು ಕೂರಲಿಲ್ಲವೆಂದು ಕಾಣುತ್ತದೆ — ಪಶ್ಚಾತ್ತಾಪದಿಂದ ಇರಲಾರದು, ಸೋಮಾರಿತನವೇ ಇರಬೇಕು. ಅದನ್ನು ನನ್ನ ಹೆಸರಿನಲ್ಲಿ ರಿಜಿಸ್ಟರಿಗೆ ಬರೆಸಿ ಮನೆಗೆ ತಂದೆ. ಆ ರಿಜಿಸ್ಟರಿನಲ್ಲಿ ಓದುಗನೆಂದು ನನ್ನ ಹೆಸರು ಬಂದದ್ದು ಅದೇ ಮೊದಲು. ಪುಸ್ತಕದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದೂ ಒಂದು ಶಿಫಾರಸಾಗುತ್ತದೆ.

ದಿನಕ್ಕೆ ಮೂರು ಪುಟ, ನಾಲ್ಕು ಪುಟ. ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತು ಇರುತ್ತದೆ. ಅದರ ಮೇಲೆ ನನ್ನ ಬೆರಳಿಟ್ಟು ತಿರುಗಿಸುತ್ತೇನೆ. ಅವರು ಇಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿಕೊಳ್ಳುತ್ತೇನೆ. ಏನೂ ತೋಚುವುದಿಲ್ಲ.

ನಿನ್ನೆ ನೂರ ಹನ್ನೆರಡನೆಯ ಪುಟ ಮುಟ್ಟಿದೆ. ಕಲೆ ಅಲ್ಲಿಗೆ ನಿಂತಿದೆ. ಅಲ್ಲಿಂದಾಚೆ ಪುಟಗಳು ಬೆಳ್ಳಗೆ, ಚೊಕ್ಕವಾಗಿ, ನಾನು ಯಾವಾಗಲೂ ಬಯಸುತ್ತಿದ್ದ ಹಾಗೆಯೇ ಇವೆ.