ಅನುಭವವಿಲ್ಲದವಳ ಕುರ್ಚಿ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ಅಮ್ಮನ ಮಂಡಿಯ ಮೇಲೆ ನಿಂತಿತ್ತು. ಮಲ್ಲಂದೂರಿನ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರ ಮನೆಗಳ ಸಾಲಿಗೆ ಲೈನ್ ಎನ್ನುತ್ತಾರೆ. ಮನೆಯಿಂದ ಒಬ್ಬರಾದರೂ ತೋಟಕ್ಕೆ ಇಳಿಯುತ್ತಿದ್ದರೆ ಆ ಲೈನ್ ಮನೆಯಲ್ಲಿ ಇರಬಹುದು. ಇಳಿಯದಿದ್ದರೆ ಬಿಡಬೇಕು. ನಾನು ಹುಟ್ಟಿದ್ದು ಆ ಮನೆಯಲ್ಲೇ, ಅಪ್ಪ ಸತ್ತದ್ದೂ ಅಲ್ಲೇ. ಆದರೂ ಅದು ನಮ್ಮದಲ್ಲ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಅಮ್ಮನ ಮಂಡಿ ಊದಿಕೊಂಡು ಅವಳು ತೋಟದ ಏರು ಹತ್ತಲಾರದೆ ಹೋದ ವರ್ಷ.

ಒಂದು ಸಂಜೆ ರೈಟರು ಬಾಗಿಲಿಗೆ ಬಂದರು. ತೋಟದ ಹಾಜರಿ, ಲೆಕ್ಕ, ಬೈಗುಳ ಎಲ್ಲವೂ ಅವರ ಪಾಲಿನ ಕೆಲಸ.

"ನೋಡು ಮಾರಾಯ್ತಿ, ಇದು ನಾನು ಹೇಳ್ತಿರೋದಲ್ಲ, ಸಾವ್ಕಾರ್ರು ಹೇಳಿರೋದು. ಅಸ್ಸಾಮಿಂದ ಆಳುಗಳು ಬರ್ತಿದಾರೆ, ಅವ್ರಿಗೆ ಮನೆ ಬೇಕು. ನಿನ್ ಕೈಲಾಗ್ದಿದ್ರೆ ಮಗಳನ್ನ ತೋಟಕ್ಕೆ ಕಳ್ಸು. ಇಲ್ಲಾಂದ್ರೆ ಕೊಯ್ಲು ಮುಗಿಯೋದ್ರೊಳಗೆ ಖಾಲಿ ಮಾಡು."

"ಅವ್ಳು ಬೀಕಾಂ ಮಾಡಿದಾಳೆ ರೈಟ್ರೇ," ಎಂದಳು ಅಮ್ಮ.

"ಬೀಕಾಂ ಮಾಡಿದ್ರೆ ಹಣ್ಣು ಕೊಯ್ಯಕ್ಕೆ ಬರಲ್ವಾ?"

ನನಗೆ ಮೈ ಉರಿದುಹೋಯಿತು. ಅಮ್ಮ ಮಾತ್ರ ಮರುದಿನ ಮಂಡಿಗೆ ಬಟ್ಟೆ ಬಿಗಿದುಕೊಂಡು ತಾನೇ ತೋಟಕ್ಕೆ ಇಳಿದಳು. ನಾನು ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದೆ.

ನನ್ನ ಹತ್ತಿರ ಡಿಗ್ರಿ ಇತ್ತು, ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟ್ ಇತ್ತು, ಕನ್ನಡ ಇಂಗ್ಲಿಷ್ ಎರಡರಲ್ಲೂ ಕೀಬೋರ್ಡ್ ನೋಡದೆ ಟೈಪ್ ಮಾಡುವ ಬೆರಳುಗಳಿದ್ದವು. ಇಲ್ಲದ್ದು ಅನುಭವ. ಕಾರ್ ಶೋರೂಮಿನಲ್ಲಿ ಅದನ್ನೇ ಕೇಳಿದರು, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಅದನ್ನೇ ಕೇಳಿದರು. ಒಬ್ಬ ವಕೀಲರು, ಸ್ವಲ್ಪ ದಿನ ಸಂಬಳ ಇಲ್ಲದೆ ಬಾಮ್ಮ, ಅನುಭವ ಆಗುತ್ತೆ ಎಂದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಗಾದೆ ಕಟ್ಟಿದವನೂ ಕೆಲಸ ಹುಡುಕಿಕೊಂಡು ಊರೂರು ಅಲೆದಿದ್ದನೋ ಏನೋ. ಪ್ರತಿ ಸಂಜೆ ಮನೆಗೆ ಬರುವಾಗ ಅಮ್ಮ ಒಲೆಯ ಮುಂದೆ ಕಾಲು ಚಾಚಿ ಕೂತಿರುತ್ತಿದ್ದಳು. ನನ್ನ ಮುಖ ನೋಡಿ ತಟ್ಟೆಗೆ ಅನ್ನ ಬಡಿಸುತ್ತಿದ್ದಳು.

ಕೊಯ್ಲು ಅರ್ಧ ಮುಗಿದಿದ್ದಾಗ ನಮ್ಮ ಎಸ್ಟೇಟಿನ ಆಫೀಸಿಗೇ ಸೆಕ್ರೆಟರಿ ಬೇಕು ಎಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಸಾಹುಕಾರರು ಹೊಸದಾಗಿ ಹೋಮ್‌ಸ್ಟೇ ಶುರು ಮಾಡಿದ್ದರು. ಬುಕಿಂಗ್ ನೋಡಲು, ಇಮೇಲ್‌ಗಳಿಗೆ ಉತ್ತರ ಕೊಡಲು ಜನ ಬೇಕಿತ್ತು. ಇಂಟರ್ವ್ಯೂಗೆ ಬರಹೇಳಿದ್ದರು. ಈ ಕೆಲಸ ಸಿಕ್ಕರೆ ಮನೆಯೂ ಉಳಿಯುತ್ತದೆ ಎಂದು ನಾವಿಬ್ಬರೂ ನಂಬಿದೆವು. ಎಸ್ಟೇಟಿನ ಕೆಲಸಕ್ಕೆ ಮನೆಯಿಂದ ಒಬ್ಬರು ಸಾಕಲ್ಲವೇ?

ಎಸ್ಟೇಟಿನ ಆಫೀಸು ಕಾಫಿ ಒಣಗಿಸುವ ಕಣದ ಪಕ್ಕದಲ್ಲಿದೆ. ಕಣದಿಂದ ಜಗಲಿಗೆ ಸಿಮೆಂಟಿನ ಮೆಟ್ಟಿಲುಗಳು. ಲೈನಿನವರು ಆ ಮೆಟ್ಟಿಲು ಹತ್ತುವುದಿಲ್ಲ. ಹತ್ತಬಾರದು ಎಂದು ಬೋರ್ಡೇನೂ ಇಲ್ಲ, ಈಗಿನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಚಪ್ಪಲಿ ದೂರ ಬಿಟ್ಟು, ಕಣದಲ್ಲಿ ನಿಂತು, ಒಳಗಿನವರು ನೋಡಿ ಏನು ಎಂದು ಕೇಳುವವರೆಗೆ ಕಾಯುವುದು. ಏನಾದರೂ ಕೊಡುವುದಿದ್ದರೆ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುವುದು. ಯಾವ ಕಾಲದಲ್ಲೋ ಯಾರೋ ಮೈಲಿಗೆ ಎಂದು ಕಲಿಸಿದ್ದು. ಕಲಿಸಿದವರು ಸತ್ತು ಮಣ್ಣಾದರೂ ಕಲಿತದ್ದು ಸತ್ತಿಲ್ಲ.

ಆ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಫೈಲು ಹಿಡಿದು ಹೋದೆ. ಇಂಟರ್ವ್ಯೂಗೆಂದು ಪೇಟೆಯ ಹುಡುಗಿಯರು ಸ್ಕೂಟಿಯಲ್ಲಿ ಬಂದು, ಚಪ್ಪಲಿ ಮೆಟ್ಟಿಕೊಂಡೇ ಟಕಟಕ ಮೆಟ್ಟಿಲು ಹತ್ತಿ, ಜಗಲಿಯ ಬೆತ್ತದ ಕುರ್ಚಿಗಳಲ್ಲಿ ಕೂತರು. ನಾನೂ ಅವರ ಹಿಂದೆಯೇ ಹೊರಟೆ. ಮೆಟ್ಟಿಲ ಹತ್ತಿರ ಬಂದಾಗ ಕಾಲು ನಿಂತುಬಿಟ್ಟಿತು. ನೋಡಿದರೆ ಚಪ್ಪಲಿ ಆಗಲೇ ಕಣದ ಅಂಚಿನಲ್ಲಿ ಬಿಟ್ಟಾಗಿತ್ತು. ಹತ್ತೇ, ಹತ್ತು ಎಂದು ನನಗೆ ನಾನೇ ಬೈದುಕೊಂಡೆ. ಹತ್ತಲಾಗಲಿಲ್ಲ. ಬೀಕಾಂ ತಲೆಗೆ ಹತ್ತಿತ್ತು, ಕಾಲಿಗೆ ಇಳಿದಿರಲಿಲ್ಲ. ಒಬ್ಬೊಬ್ಬರೇ ಒಳಗೆ ಹೋದರು, ಹೊರಗೆ ಬಂದರು, ಸ್ಕೂಟಿ ಹತ್ತಿ ಹೋದರು. ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರು ನನ್ನನ್ನು ನೋಡಿ ಏನೂ ಕೇಳಲಿಲ್ಲ. ನಾನು ಅಲ್ಲಿ ನಿಂತದ್ದು ಅವರಿಗೆ ವಿಚಿತ್ರ ಅನ್ನಿಸಲೇ ಇಲ್ಲ.

ಬಿಸಿಲು ಇಳಿದ ಮೇಲೆ ಸಾಹುಕಾರರು ಜೀಪು ಹತ್ತಲು ಹೊರಗೆ ಬಂದರು. ಹಿಂದೆ ರೈಟರು.

"ಏನಮ್ಮ, ಏನಾಗ್ಬೇಕಿತ್ತು?"

"ಇಂಟರ್ವ್ಯೂಗೆ ಬಂದಿದ್ದೆ ಸರ್."

"ಈಗ ಬಂದ್ಯಾ?"

"ಬೆಳಿಗ್ಗೆನೇ ಬಂದೆ ಸರ್."

ಅವರು ನನ್ನ ಬರಿಗಾಲು ನೋಡಿ ನಕ್ಕರು. ಕೆಟ್ಟ ನಗುವಲ್ಲ, ಅದೇ ಹೆಚ್ಚು ಚುಚ್ಚಿತು. "ಇವ್ಳೇ ಸಾಕು ರೈಟ್ರೇ. ಪೇಟೆಯವ್ರು ಅನುಭವ ಇದೆ ಅಂತ ಬರ್ತಾರೆ, ನಾಲ್ಕು ದಿನಕ್ಕೆ ಬಿಟ್ಟು ಹೋಗ್ತಾರೆ. ಇವ್ಳು ಇರ್ತಾಳೆ."

ಟೈಪಿಂಗ್ ಬರುತ್ತದೆಯೇ ಎಂದೂ ಕೇಳಲಿಲ್ಲ. ಫೈಲು ಬಿಚ್ಚಲೇ ಇಲ್ಲ. ದಿನವಿಡೀ ತುಟಿ ಪಿಟಕ್ಕೆನ್ನದೆ ಬಿಸಿಲಲ್ಲಿ ನಿಂತದ್ದೇ ನನ್ನ ಅನುಭವವೆಂದು ಲೆಕ್ಕಕ್ಕೆ ಬಂತು. ನಾಚಿಕೆಯಾಯಿತು, ಸುಳ್ಳೇಕೆ, ಖುಷಿಯೂ ಆಯಿತು. ಅಮ್ಮ ಆ ಸಂಜೆ ಲೈನಿನ ಮನೆಮನೆಗೂ ಕುಂಟುತ್ತ ಹೋಗಿ ಹೇಳಿ ಬಂದಳು, ಮನೆ ಉಳೀತು ಅಂತ. ಮಂಡಿಯ ಬಟ್ಟೆ ಬಿಚ್ಚಿ ಎಣ್ಣೆ ಹಚ್ಚಿಕೊಂಡು ಮಲಗಿದವಳು ಮರುದಿನ ತೋಟಕ್ಕೆ ಹೋಗಲಿಲ್ಲ.

ಆಫೀಸಿನ ಮೊದಲ ದಿನ ಉಸಿರು ಬಿಗಿಹಿಡಿದು ಮೆಟ್ಟಿಲು ಹತ್ತಿದೆ. ಆಮೇಲೆ ಅಭ್ಯಾಸವಾಯಿತು. ಫೋನು, ಇಮೇಲು, ಹೋಮ್‌ಸ್ಟೇಗೆ ಬರುವವರಿಗೆ ದಾರಿ ಹೇಳುವುದು. ಖಾಲಿಯಾದ ಲೈನ್ ಮನೆಗಳ ಬೀಗದ ಕೈ ತೆಗೆದುಕೊಂಡು ಗೋಡೆಯ ಮೊಳೆಗೆ ನೇತುಹಾಕುವುದೂ ನನ್ನ ಕೆಲಸವೇ ಆಗಿತ್ತು.

ಕೊಯ್ಲಿನ ಕೊನೆಯಲ್ಲಿ ರೈಟರು ನನ್ನ ಮೇಜಿನ ಹತ್ತಿರ ಬಂದು ಕೆಮ್ಮಿದರು. "ನಿಮ್ಮನೆ ಯಾವಾಗ ಬಿಡ್ತೀರಿ?"

"ನಾನು ಇಲ್ಲೇ ಕೆಲಸ ಮಾಡ್ತಿದೀನಲ್ಲ ರೈಟ್ರೇ."

"ನೀನು ಸ್ಟಾಫು ಕಣಮ್ಮ. ಲೈನ್ ಇರೋದು ತೋಟದ ಆಳುಗಳಿಗೆ. ಸ್ಟಾಫಿಗೆ ಕೊಡಲ್ಲ."

ಸಾಹುಕಾರರ ಕೋಣೆಗೆ ಹೋದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಒಬ್ರಿಗೆ ಒಂದು, ಇನ್ನೊಬ್ರಿಗೆ ಒಂದು ಅಂತ ಮಾಡಕ್ಕಾಗಲ್ಲಮ್ಮ. ಮನೆ ಬೇಕಿದ್ರೆ ತೋಟಕ್ಕಿಳಿ. ಆಫೀಸಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ತೀನಿ."

ಅವರ ಮೇಲೆ ಅವತ್ತು ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ. ಮನೆಗೆ ಬಂದು ಬಾಗಿಲ ಹಿಂದೆ ನೇತುಹಾಕಿದ್ದ ಕೊಯ್ಲಿನ ಬುಟ್ಟಿಗೆ ಕೈ ಹಾಕಿದೆ. ನಾಳೆಯಿಂದ ನಾನೇ ಹೋಗುತ್ತೇನೆ ಎಂದೆ.

ಅಮ್ಮ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡಳು. "ನಿಮ್ಮಪ್ಪನ ಬೆನ್ನು ಹೋಯ್ತು, ನನ್ ಮಂಡಿ ಹೋಯ್ತು. ಈ ಗೋಡೆಗೆ ಇನ್ನೆಷ್ಟು ಕೊಡ್ಬೇಕು? ಮನೆ ಹೋದ್ರೆ ಹೋಗ್ಲಿ. ನೀನು ಕುರ್ಚಿ ಬಿಟ್ಟು ಏಳ್ಬೇಡ." ಹಾಗೆ ಹೇಳಿದವಳು ಆಮೇಲೆ ಒಲೆಯ ಮುಂದೆ ಕೂತು, ಅಪ್ಪ ಕಟ್ಟಿದ ಆ ಒಲೆಯ ದಂಡೆಯನ್ನು ಸವರುತ್ತ ಬಹಳ ಹೊತ್ತು ಅತ್ತಳು. ನಾನೂ ಅತ್ತೆ.

ಮಲ್ಲಂದೂರಿನ ಗ್ಯಾರೇಜೊಂದರ ಹಿಂದೆ ಒಂದು ಕೋಣೆ ಸಿಕ್ಕಿತು. ಮನೆ ಬಿಡುವ ದಿನ ನನಗೆ ರಜೆ ಸಿಗಲಿಲ್ಲ. ಸಾಮಾನನ್ನೆಲ್ಲ ಅಮ್ಮನೇ ಗೂಡ್ಸ್ ಆಟೋಗೆ ಹೇರಿಸಿದಳು. ಆಮೇಲೆ ಬೀಗದ ಕೈ ಕೊಡಲು ಆಫೀಸಿಗೆ ಬಂದಳು.

ಕಿಟಕಿಯಿಂದ ನೋಡಿದೆ. ಚಪ್ಪಲಿ ದೂರ ಬಿಟ್ಟು ಕಣದಲ್ಲಿ ನಿಂತಿದ್ದಳು. ನಾನು ನಿಂತಿದ್ದ ಜಾಗದಲ್ಲೇ. ಓಡಿ ಜಗಲಿಗೆ ಬಂದೆ.

"ಹತ್ತಿ ಬಾ ಅಮ್ಮ. ಒಂಚೂರು ಕೂತು ಹೋಗು."

ಅವಳು ಸಾಹುಕಾರರ ಜೀಪಿನ ಕಡೆ ನೋಡಿದಳು. "ಬೇಡ ಬಿಡು. ಆಟೋದವ್ನು ಕಾಯ್ತಿದಾನೆ."

ನಾನು ಕೈ ಚಾಚಿದೆ. ಅವಳು ನನ್ನ ಕೈ ನೋಡಿದಳು, ನೋಡಿಯೂ ಕೈಗೆ ಕೊಡಲಿಲ್ಲ. ಆ ಮಂಡಿಯನ್ನು ಒತ್ತಿ ಹಿಡಿದು, ಕಷ್ಟದಿಂದ ಬಗ್ಗಿ, ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು.

"ಬೀಗಕ್ಕೆ ಎಣ್ಣೆ ಬಿಟ್ಟಿದೀನಿ," ಎಂದಳು. "ಬರೋರಿಗೆ ತೊಂದ್ರೆ ಆಗ್ಬಾರ್ದು."

ಅವಳು ಕಾಫಿ ತುಳಿಯದಂತೆ ಕಣದ ಅಂಚು ಹಿಡಿದು ಹೋಗುವುದನ್ನು ನೋಡುತ್ತ ನಿಂತೆ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಬಗ್ಗಿ ಬೀಗದ ಕೈ ಎತ್ತಿಕೊಂಡೆ. ಅದರಲ್ಲಿ ಇನ್ನೂ ಅವಳ ಮುಷ್ಟಿಯ ಬಿಸಿ ಇತ್ತು. ಒಳಗೆ ಹೋಗಿ ಅದನ್ನು ಮೊಳೆಗೆ ನೇತುಹಾಕಿ ಕುರ್ಚಿಯಲ್ಲಿ ಕೂತೆ.