ಎಡಕ್ಕೆ ಎಳೆಯದ ಹಸಿರು ಕಾರು

ಮದ್ದೂರಿನಲ್ಲಿ ನಮ್ಮಣ್ಣನಿಗೆ ಕಾರು ರಿಪೇರಿಯ ಶೆಡ್ಡಿದೆ. ಎಡ ಮೊಣಕಾಲು ಮಡಚಲು ಬಾರದ್ದರಿಂದ ಅವನು ಕ್ಲಚ್ ತುಳಿಯಲಾರ. ರಿಪೇರಿ ಅವನದು, ಓಡಿಸಿ ನೋಡಿ ಹೇಳುವುದು ನನ್ನದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಕಬ್ಬಿನ ಲಾರಿ ಓಡಿಸಿ ಅಭ್ಯಾಸ.

ಮಂಡ್ಯದ ನಿವೃತ್ತ ಓವರ್‌ಸೀಯರ್ ಒಬ್ಬರ ಹತ್ತಿರ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರು ಎರಡಿದ್ದವು. ಒಂದು ಕೆಂಪು, ಒಂದು ಹಸಿರು. ಎರಡಕ್ಕೂ ಎರಡೇ ಸೀಟು, ಚಾವಣಿ ಇಲ್ಲ. ರಸ್ತೆ ಅಗಲ ಮಾಡಿದ ಮೇಲೆ ಅವರ ಮನೆ ಮುಂದೆ ಒಂದಕ್ಕೆ ಮಾತ್ರ ಜಾಗ ಉಳಿದಿತ್ತು. ಅವರ ಮನಸ್ಸು ಹಸಿರಿನ ಮೇಲಿತ್ತು. ಆದರೂ, "ಯಾವುದು ಚೆನ್ನಾಗಿದೆಯೋ ನೀನೇ ಹೇಳಪ್ಪ, ಇನ್ನೊಂದನ್ನ ಮಾರ್ತೀನಿ" ಎಂದು ಎರಡನ್ನೂ ಅಣ್ಣನಿಗೆ ಒಪ್ಪಿಸಿದರು.

"ಎರಡ್ನೂ ಮಳವಳ್ಳಿಗಂಟ ಓಡಿಸ್ಕೊಂಡು ಬಾರ್ಲಾ. ಎಂಗವೆ ಅಂತ ಆಮೇಲೆ ಏಳು" ಎಂದ ಅಣ್ಣ.

ಮೊದಲ ದಿನ ಕೆಂಪಿನಲ್ಲಿ ಹೋದೆ. ಮಳವಳ್ಳಿಯಲ್ಲಿ ಟೀ ಕುಡಿಯಲು ಇಳಿಯಬೇಕು, ಏಳಲಾಗಲಿಲ್ಲ. ಸೀಟು ನೆಲಕ್ಕೆ ಅಷ್ಟು ಹತ್ತಿರ. ಅಂಗಡಿಯಲ್ಲಿದ್ದ ಇಬ್ಬರು ನನ್ನ ಕಂಕುಳಿಗೆ ಕೈಹಾಕಿ ಗೂಟ ಕೀಳುವಂತೆ ಕಿತ್ತರು.

"ಅಣ್ಣೋ, ಇದ್ರ ಮಿಕ್ಕಿದ್ದು ಯಾವಾಗ ಬತ್ತದೆ?" ಎಂದ ಒಬ್ಬ.

"ಇಂದ್ಗಡೆ ಲಾರೀಲಿ ಬತ್ತಾ ಅದೆ, ಬುಡ್ಲಾ" ಎಂದ ಇನ್ನೊಬ್ಬ.

ಟೀ ಅಂಗಡಿಯವರೆಲ್ಲ ನಕ್ಕರು.

ಮಾರನೇ ದಿನ ಹಸಿರನ್ನು ಊರಾಚೆಯ ಹುಣಸೆ ಮರದವರೆಗೆ ಮಾತ್ರ ಓಡಿಸಿದೆ. ಕಟ್ಟಿಸಿಕೊಂಡಿದ್ದ ವಡೆ ತಿಂದು, ಎರಡು ಗಂಟೆ ಕೂತು ವಾಪಸು ಬಂದೆ. ಎಷ್ಟು ದೂರ ಓಡಿತೆಂದು ತೋರಿಸುವ ಮೀಟರು ಎರಡರಲ್ಲೂ ಕೆಟ್ಟಿತ್ತು.

"ಎಂಗವ್ಲಾ ಎರಡೂ?"

"ಕೆಂಪು ನೆಟ್ಟಗೋಯ್ತದೆ ಕಣಣ್ಣ."

"ಅಸಿರು?"

ಎರಡೂ ಒಂದೇ ಎಂದರೆ ಅಣ್ಣ ನಂಬುವುದಿಲ್ಲ. "ಎಡಕ್ಕೆ ಎಳೀತದೆ" ಎಂದೆ.

ಓವರ್‌ಸೀಯರ್ ಹಸಿರನ್ನು ಮಾರಿದರು.

ಅದನ್ನು ಕೊಂಡಿದ್ದ ಬೆಳಕವಾಡಿಯವರು ಮರುವರ್ಷ ಆಯಿಲ್ ಬದಲಿಸಲು ಅಣ್ಣನ ಶೆಡ್ಡಿಗೇ ತಂದರು. "ಎಡಕ್ಕೆ ಎಳೀತದಲ್ಲ, ಅದ್ನೂ ನೋಡ್ತೀನಿ, ಬುಟ್ಟೋಗಿ" ಎಂದ ಅಣ್ಣ.

"ನೆಟ್ಟಗೇ ಓಯ್ತದಲ್ಲ?" ಎಂದರು ಅವರು.

"ನನ್ ತಮ್ಮ ಓಡ್ಸವ್ನೆ. ಅವ್ನು ಸುಳ್ಳೇಳಲ್ಲ."

ಮೂರು ದಿನ ಅಣ್ಣ ಕಾರಿನ ಕೆಳಗೆ ಮಲಗಿದ್ದ. ಚಕ್ರ ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ನಾನು ಟಾರ್ಚು ಹಿಡಿದಿದ್ದೆ. ಮೂರನೇ ದಿನ ಹೊರಗೆ ಬಂದು, "ಏನೂ ಸಿಗ್ತಿಲ್ಲ. ನನ್ ಕೈ ಓಯ್ತು ಕಣ್ಲಾ" ಎಂದ. ಮೂವತ್ತು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಅವತ್ತು ಹಸಿರನ್ನು ನಿಜವಾಗಿಯೂ ಮಳವಳ್ಳಿಗೆ ಓಡಿಸಿದೆ. ತಿರುವಿನಲ್ಲಿ ಕೆಂಪು ಒಂದು ಕ್ಷಣ ಯೋಚಿಸುತ್ತದೆ, ಹಸಿರು ಯೋಚಿಸುವುದಿಲ್ಲ. ಕೈ ಬಿಟ್ಟರೂ ನೆಟ್ಟಗೆ ಹೋಗುತ್ತದೆ. ಎರಡರಲ್ಲಿ ಹಸಿರೇ ಒಳ್ಳೆಯದು.

ನಿಜ ಹೇಳಿಬಿಡಬೇಕೆಂದೇ ವಾಪಸು ಬಂದೆ. ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಎಳೀತದೇನ್ಲಾ?"

"ಇಲ್ಲ ಕಣಣ್ಣ."

ಆ ಕಾರಿನ ಬಗ್ಗೆ ನಾನು ಹೇಳಿದ ಮೊದಲ ನಿಜ ಅದು. ಅಣ್ಣ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡು ನಕ್ಕ. ಮಿಕ್ಕ ನಿಜ ಹೇಳದೆ ಕೀಲಿಯನ್ನು ಆ ಕೈಗಿಟ್ಟೆ.

ಅವನು ವಡೆ ತರಿಸಿ ಮಂಡ್ಯದ ಓವರ್‌ಸೀಯರಿಗೆ ಫೋನ್ ಮಾಡಿದ. "ಸಾರ್, ನಿಮ್ಮ ಅಸಿರು ಕಾರ್ನ ಸರಿ ಮಾಡ್ಬುಟ್ಟೆ. ಈಗ ಕೆಂಪಿಗಿಂತ ಚೆನ್ನಾಗೋಯ್ತದೆ."

"ಮಾರೋ ಮುಂಚೆ ಮಾಡಿದ್ರೆ ಆಗ್ತಿರಲಿಲ್ವೇನಪ್ಪ?" ಎಂದು ಆ ಕಡೆಯಿಂದ ಅವರು ಕೇಳಿದ್ದು ನನಗೂ ಕೇಳಿಸಿತು. ನಾನು ವಡೆ ತಿನ್ನುತ್ತಿದ್ದೆ.