ಇಳಿಜಾರಿಗೆ ಯಾವ ಟಯರ್?

2018ನೇ ಇಸವಿಯ ಅಕ್ಟೋಬರ್. ನಾನಾಗ ಜರ್ಮನಿಯ ಹ್ಯಾನೋವರ್‌ನ ಒಂದು ಟಯರ್ ಕಂಪನಿಯ ಪರೀಕ್ಷಾ ವಿಭಾಗದಲ್ಲಿ ಸೀನಿಯರ್ ಎಂಜಿನಿಯರ್. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ಹಿಡಿದು ಉಡುಪಿ ಕಡೆಯಿಂದ ಬಂದು ಐದು ವರ್ಷವಾಗಿತ್ತು. ಹೊಸ ಟಯರ್ ಒದ್ದೆ ರಸ್ತೆಯಲ್ಲಿ, ಹಿಮದಲ್ಲಿ, ಒಣ ಡಾಂಬರಿನಲ್ಲಿ ಹೇಗೆ ನಿಲ್ಲುತ್ತದೆ, ಹೇಗೆ ತಿರುಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಕೇಳಲು ಚೆಂದ. ಆದರೆ ಚಳಿಗಾಲವಿಡೀ ಹಿಮದ ಮೇಲೆ ಬ್ರೇಕ್ ಒತ್ತುವುದು, ಅಳೆಯುವುದು, ಮತ್ತೆ ಒತ್ತುವುದು ಐವತ್ತು ದಾಟಿದ ಸೊಂಟಕ್ಕೆ ಅಷ್ಟೇನೂ ಚೆಂದವಲ್ಲ.

ಜರ್ಮನಿಯಲ್ಲಿ ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಚಳಿಗಾಲದ ಟಯರ್ ಹಾಕುವುದು ರೂಢಿ. ಹಾಗಾಗಿ ಅಕ್ಟೋಬರ್ ಬಂತೆಂದರೆ ನಮ್ಮ ಕನ್ನಡದವರ ಫೋನುಗಳು ಶುರು. ಮದುವೆ ಮನೆಯಲ್ಲಿ ಡಾಕ್ಟರ್ ಸಿಕ್ಕರೆ ಎಲ್ಲರೂ ಬಿ.ಪಿ. ವಿಷಯ ತೆಗೆಯುತ್ತಾರಲ್ಲ, ಹಾಗೆ. ಊಟಕ್ಕೆ ಕೂತಾಗಲೇ ಬರುವ ಆ ಫೋನುಗಳು ನನಗೆ ನಿಜವಾಗಿ ಸಾಕಾಗಿದ್ದವು.

ಆ ವರ್ಷ ಫೋನ್ ಮಾಡಿದವನು ಪ್ರಮೋದ್. ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ, ಹ್ಯಾನೋವರ್‌ಗೆ ಹತ್ತಿರದ ಹಿಲ್ಡೆಸ್‌ಹೈಮ್‌ನಲ್ಲಿ ಮನೆ. ಮುನ್ನೂರು ಚಿಲ್ಲರೆ ಹಾರ್ಸ್‌ಪವರ್‌ನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹೊಸದಾಗಿ ಕೊಂಡಿದ್ದ.

"ಸಾರ್, ವಿಂಟರ್‌ಗೊಂದು ಸೆಟ್, ಸಮ್ಮರ್‌ಗೊಂದು ಸೆಟ್ ಅಂತ ಯಾರ್ ಇಡ್ತಾರೆ? ನಮ್ ಬೇಸ್‌ಮೆಂಟ್‌ನಲ್ಲಿ ಜಾಗಾನೇ ಇಲ್ಲ. ಆಲ್ ಸೀಸನ್ ಹಾಕಿಸ್ಬಿಡ್ಲಾ? ಆದ್ರೆ ಸ್ಪೀಡ್ ರೇಟಿಂಗ್ ಕಮ್ಮಿ ಇರ್ಬಾರ್ದು."

ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ರೇಟಿಂಗ್‌ನ ಚಳಿಗಾಲದ ಟಯರ್ ಹಾಕಿದರೆ, ಇಷ್ಟಕ್ಕಿಂತ ಜೋರಾಗಿ ಓಡಿಸಬೇಡ ಎನ್ನುವ ಸ್ಟಿಕ್ಕರ್ ಒಂದನ್ನು ಚಾಲಕನ ಕಣ್ಣಿಗೆ ಕಾಣುವಂತೆ ಅಂಟಿಸಬೇಕು. ಅಂಥ ಕಾರಿಗೆ ಅಂಥ ಸ್ಟಿಕ್ಕರ್ ಎಂದರೆ ಅವನಿಗೆ ಅವಮಾನ.

ಎಲ್ಲರನ್ನೂ ಕೇಳುವುದನ್ನೇ ಅವನನ್ನೂ ಕೇಳಿದೆ. ಯಾವ ಕಾರು, ಯಾವ ರಸ್ತೆ, ಯಾವ ವೇಗ? "ಊರೊಳಗೆ ಅಷ್ಟೇ ಸಾರ್. ಸಂಡೇ ಆಟೋಬಾನ್ ಹೈವೇಲಿ ಒಂದು ರೌಂಡ್" ಎಂದ. ಆಲ್ ಸೀಸನ್ ಟಯರ್ ಎಂದರೆ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ. ಬೇಸಿಗೆ ಟಯರಿನ ರಬ್ಬರ್ ಏಳು ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ, ಚಳಿಗಾಲದ್ದು ಮೆತ್ತಗೇ ಉಳಿಯುತ್ತದೆ. ಇದು ನಡುವಿನದು. ಭಾರಿ ಎಂಜಿನ್ ಇರುವ ಕಾರಿಗೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಕಡಿಮೆ ಬೀಳುತ್ತದೆ. ಆದರೂ ಹಿಲ್ಡೆಸ್‌ಹೈಮ್‌ನ ಬೀದಿಗಳಿಗೆ ಸಾಕು. "ಹಾಕಿಸು ಮಾರಾಯ. ನಾಲ್ಕೂ ಒಂದೇ ಜಾತಿಯದ್ದಿರಲಿ, ಟಯರಿನ ಬದಿಯಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿರುವ ಚಳಿಗಾಲದ ಗುರುತಿರಲಿ" ಎಂದು ಹೇಳಿ ಊಟಕ್ಕೆ ಮರಳಿದೆ.

ಡಿಸೆಂಬರ್ ಮೊದಲ ವಾರದ ಒಂದು ಮಧ್ಯಾಹ್ನ ಮತ್ತೆ ಫೋನ್. ಈ ಸಲ ಪ್ರಮೋದನ ಹೆಂಡತಿ ಶಾಲಿನಿ. ಆಕೆ ಡಾಕ್ಟರ್. ಎರಡು ವರ್ಷ ಜರ್ಮನ್ ಕಲಿತು, ಪರೀಕ್ಷೆ ಬರೆದು, ಇಲ್ಲಿ ವೈದ್ಯಕೀಯ ಮಾಡುವ ಪರವಾನಗಿ ಗಿಟ್ಟಿಸಿಕೊಂಡು ನವೆಂಬರ್‌ನಲ್ಲಷ್ಟೇ ಕೆಲಸಕ್ಕೆ ಸೇರಿದ್ದಳು. ಆಸ್ಪತ್ರೆ ಇದ್ದದ್ದು ಹಾರ್ಟ್ಸ್ ಬೆಟ್ಟದ ಮೇಲೆ. ಪ್ರಮೋದ್ ಆಫೀಸಿಗೆ ಹೋಗುತ್ತಿದ್ದದ್ದು ರೈಲಿನಲ್ಲಿ. ವಾರದ ಐದು ದಿನವೂ ಆ ಕಾರನ್ನು ಬೆಟ್ಟ ಹತ್ತಿಸಿ ಇಳಿಸುತ್ತಿದ್ದವಳು ಇವಳು! ನನಗೆ ಅದು ಗೊತ್ತಾದದ್ದು ಆಗಲೇ.

"ಸಾರ್, ಕಾರು ರಸ್ತೆ ಬಿಟ್ಟು ಹೋಯ್ತು. ನಂಗೇನೂ ಆಗಿಲ್ಲ. ಪ್ರಮೋದ್‌ಗೆ ಫೋನ್ ಮಾಡ್ದೆ, ಬ್ರೇಕ್ ಜೋರಾಗಿ ಒತ್ತಿರ್ತೀಯ ಅಂದ" ಎಂದಳು. ಜಾಗ ಕೇಳಿಕೊಂಡು ಹೊರಟೆ.

ನಾನು ತಲುಪುವಾಗ ಕತ್ತಲಾಗುತ್ತಿತ್ತು. ಇಳಿಜಾರಿನ ತಿರುವಿನಲ್ಲಿ ಕಾರು ತಿರುಗದೆ ನೆಟ್ಟಗೆ ಹೋಗಿ, ಎದುರು ಬರುತ್ತಿದ್ದ ಮರದ ದಿಮ್ಮಿಗಳ ಲಾರಿಯ ಮುಂದೆಯೇ ದಾಟಿ, ಆಚೆ ಬದಿಯ ಹಿಮದ ರಾಶಿಗೆ ಮೂತಿ ತೂರಿಸಿ ನಿಂತಿತ್ತು. ಶಾಲಿನಿ ಸ್ಟೀರಿಂಗ್ ಹಿಡಿದಿದ್ದ ಕೈಗಳನ್ನೇ ನೋಡಿಕೊಳ್ಳುತ್ತಾ ನಿಂತಿದ್ದಳು.

"ಬೆಳಿಗ್ಗೆ ಏನೂ ತೊಂದ್ರೆ ಇಲ್ದೆ ಹತ್ತಿತ್ತು ಸಾರ್. ಅಂದ್ರೆ ತಪ್ಪು ನನ್ದೇ ಅಲ್ವಾ? ನಾಳೆ ಚೀಫ್ ಡಾಕ್ಟರ್‌ಗೆ ಹೇಳ್ಬಿಡ್ತೀನಿ, ದಿನಾ ಈ ದಾರೀಲಿ ಬಂದು ಕೆಲ್ಸ ಮಾಡೋಕೆ ನನ್ ಕೈಲಾಗಲ್ಲ ಅಂತ."

ನಾನು ಚಕ್ರಗಳ ಬಳಿ ಮೊಣಕಾಲೂರಿ ಟಾರ್ಚ್ ಹಿಡಿದೆ. ಹಿಂದಿನ ಎರಡು ಚಕ್ರಕ್ಕೆ ಹೊಚ್ಚಹೊಸ ಆಲ್ ಸೀಸನ್. ಮುಂದಿನವು ಎರಡೂ ಬೇಸಿಗೆಯವು. ಹೆಬ್ಬೆರಳಿನಿಂದ ಒತ್ತಿದರೆ ಒಣಗಿದ ಕೊಬ್ಬರಿಯ ಚಿಪ್ಪಿನಂತೆ ಗಟ್ಟಿ. ನನಗೆ ಸಿಟ್ಟು ಬರಬೇಕಿತ್ತು. ಬರೀ ಸುಸ್ತು ಬಂತು.

ಫೋನ್ ಮಾಡಿ ಕೇಳಿದ್ದಕ್ಕೆ ಪ್ರಮೋದ್ ಹೇಳಿದ: "ಈ ಕಾರಿಗೆ ಮುಂದೆ ಹಿಂದೆ ಬೇರೆ ಬೇರೆ ಸೈಜ್, ಮುಂದಿನ ಚಕ್ರದ್ದು ಔಟ್ ಆಫ್ ಸ್ಟಾಕ್ ಇತ್ತು ಸಾರ್. ಹೆಂಗಿದ್ರೂ ರಿಯರ್ ವೀಲ್ ಡ್ರೈವ್ ಅಲ್ವಾ, ಎಂಜಿನ್ ತಿರುಗ್ಸೋದು ಹಿಂದಿನ ಚಕ್ರಾನ. ಗ್ರಿಪ್ ಬೇಕಾಗಿರೋದು ಅಲ್ಲೇ ತಾನೇ? ನಾನೇ ಜ್ಯಾಕ್ ಹಾಕಿ ಫಿಟ್ ಮಾಡ್ದೆ."

ಹಿಮ ಕಾಣದ ಊರಿನಿಂದ ಬಂದ ಬುದ್ಧಿವಂತರು ಮಾತ್ರ ಮಾಡುವ ತಪ್ಪು ಇದು. ಟಯರ್ ಎಂದರೆ ಕಾರನ್ನು ತಳ್ಳುವ ವಸ್ತು ಎಂದುಕೊಳ್ಳುತ್ತೇವೆ. ಆದರೆ ಕಾರನ್ನು ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ಬಹುಪಾಲು ಹೊರೆ ಬೀಳುವುದೂ ಅದರ ಮೇಲೆಯೇ. ಹಿಮದಲ್ಲಿ ನಾಲ್ಕಕ್ಕೂ ಸರಿಯಾದ ಟಯರ್ ಇರಬೇಕೆಂದು ಕಾನೂನೇ ಹೇಳುತ್ತದೆ. ಹತ್ತುವಾಗ ಎಲ್ಲ ಸರಿಯಿದ್ದಂತೆ ಕಾಣುವುದೇ ಈ ಜೋಡಣೆಯ ಮೋಸ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣಬೇಕಾದವಳು ಇನ್ನೊಬ್ಬಳು.

"ತಪ್ಪು ನಿನ್ನ ಕಾಲಿನದ್ದಲ್ಲಮ್ಮ. ನಿನ್ನ ಜಾಗದಲ್ಲಿ ನಾನಿದ್ದರೂ ಇಲ್ಲಿಗೇ ಬಂದು ನಿಲ್ತಿದ್ದೆ" ಎಂದೆ. ಅವಳು ನಂಬಲಿಲ್ಲ. ದೊಡ್ಡವರು ಸಮಾಧಾನಕ್ಕೆ ಹೇಳುವ ಮಾತು ಎಂದುಕೊಂಡಳು.

ನಾವು ಕರೆಸಿದ ಟ್ರ್ಯಾಕ್ಟರಿನವರು ಕಾರನ್ನು ಎಳೆದು ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಬಿಟ್ಟರು. ಬಂಪರ್ ಸೀಳಿತ್ತು, ಅಷ್ಟೇ. ಅದನ್ನು ಬೆಟ್ಟದಿಂದ ಇಳಿಸಲು ನಾನು ಬಿಡಲಿಲ್ಲ. ಚೀಫ್ ಹತ್ತಿರ ಭಾನುವಾರದವರೆಗೆ ಏನೂ ಹೇಳಬೇಡ ಎಂದು ಶಾಲಿನಿಯಿಂದ ಮಾತು ತೆಗೆದುಕೊಂಡೆ. ಆ ವಾರ ಅವಳು ಆಸ್ಪತ್ರೆಯ ಸಿಬ್ಬಂದಿ ಕೋಣೆಯಲ್ಲೇ ಉಳಿದಳು. ನಾನು ಕಾರಿನ ದಾಖಲೆ ತರಿಸಿ ನೋಡಿ, ಅದಕ್ಕೆ ಅನುಮತಿಯಿರುವ ಅತಿ ಸಣ್ಣ ಅಳತೆಯ, ಅಗಲ ಕಡಿಮೆಯ ಅಸಲಿ ಚಳಿಗಾಲದ ಟಯರ್ ಆರಿಸಿದೆ. ಅಗಲ ಟಯರ್ ಕೆಸರುಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ನೆಲ ಮುಟ್ಟುತ್ತದೆ. ಆ ಬೆಟ್ಟದ ದಾರಿಗೆ ಆಲ್ ಸೀಸನ್ ಮಾತೇ ಬೇಡ ಎಂದುಕೊಂಡೆ. ರೇಟಿಂಗ್ ಇನ್ನೂರ ಹತ್ತು ಕಿಲೋಮೀಟರ್. ಜೊತೆಗೆ ಆ ಸ್ಟಿಕ್ಕರ್.

ಭಾನುವಾರ ನಾಲ್ಕು ಚಕ್ರಗಳನ್ನೂ ಪ್ರಮೋದನನ್ನೂ ನನ್ನ ಕಾರಿಗೆ ತುಂಬಿಕೊಂಡು ಬೆಟ್ಟ ಹತ್ತಿದೆ. ಪಾರ್ಕಿಂಗ್ ಖಾಲಿ, ಹಿಮ ಗಟ್ಟಿಯಾಗಿತ್ತು. ಚಕ್ರ ಬದಲಿಸುವ ಮೊದಲು ಶಾಲಿನಿಯ ಕೆಂಪು ಚೀಲವನ್ನು ನಡುವೆ ಇಟ್ಟು ಪ್ರಮೋದನಿಗೆ ಹೇಳಿದೆ: "ಮೂವತ್ತರಲ್ಲಿ ಬಾ. ಚೀಲಕ್ಕೆ ಮುಂಚೆ ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸು."

ಕಾರು ಜಿಗಿದು ಹೊರಟಿತು. "ಹೆಂಗ್ ಎಳೀತು ನೋಡಿ ಸಾರ್!" ಎಂದು ಕಿಟಕಿಯಿಂದ ಕೂಗಿದ. ಮರುಕ್ಷಣ ಚಕ್ರಗಳು ಎಡಕ್ಕೆ ತಿರುಗಿದ್ದವು, ಕಾರು ಮಾತ್ರ ನೆಟ್ಟಗೆ ಹೋಯಿತು. ಚೀಲದ ಮೇಲೆ ಹತ್ತಿ, ಒಂದು ಬಸ್ಸಿನುದ್ದ ಜಾರಿ, ಬದಿಯ ಹಿಮದ ದಿಬ್ಬಕ್ಕೆ ಬಡಿದು ನಿಂತಿತು. ಪ್ರಮೋದ್ ಇಳಿಯಲಿಲ್ಲ.

ಶಾಲಿನಿ ನಿಧಾನಕ್ಕೆ ನಡೆದು ಹೋಗಿ ಕಿಟಕಿಯ ಬಳಿ ಬಗ್ಗಿದಳು. "ನೀನೂ ಬ್ರೇಕ್ ಜೋರಾಗಿ ಒತ್ತಿದ್ಯಾ?"

ಅವನು ತಲೆ ತಗ್ಗಿಸಿದ. "ಸಾರಿ ಕಣೇ. ಕಾರಿಗೆ ಏನ್ ಬೇಕು ಅಂತ ಯೋಚ್ನೆ ಮಾಡ್ದೆ, ನಿಂಗೇನ್ ಬೇಕು ಅಂತ ಮಾಡ್ಲಿಲ್ಲ" ಎಂದ. ಅವಳು ಮುಖ ತಿರುಗಿಸಿ ಅತ್ತಳು. ಆ ವಾರವಿಡೀ ತಡೆದಿದ್ದ ಅಳು ಅದು.

ಹೊಸ ಚಕ್ರ ಹಾಕಿದ ಮೇಲೆ ಅವಳೇ ಓಡಿಸಿದಳು. ಅದೇ ಮೂವತ್ತು, ಅದೇ ಜಾಗ. ಕಾರು ಚೀಲಕ್ಕೆ ಮುಂಚೆಯೇ ಎಡಕ್ಕೆ ತಿರುಗಿ ನಿಂತಿತು. ಸ್ಟಿಕ್ಕರನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದವಳೂ ಅವಳೇ. ಚೀಫ್‌ಗೆ ಹೇಳಬೇಕಾದ ಮಾತು ಅಲ್ಲಿಗೇ ನಿಂತುಹೋಯಿತು. ಶಾಲಿನಿ ಇಂದಿಗೂ ಅದೇ ಆಸ್ಪತ್ರೆಯಲ್ಲಿದ್ದಾಳೆ.

ನಮ್ಮ ಪರೀಕ್ಷಾ ವಿಭಾಗದಲ್ಲಿ ಒಂದು ನಿಯಮವಿತ್ತು. ಟಯರಿಗೆ ಅಂಕ ಕೊಡಬೇಕಾದವನು ಸ್ಟೀರಿಂಗ್ ಹಿಡಿದವನು, ಪಕ್ಕದಲ್ಲಿ ಕೂತವನಲ್ಲ. ಆಫೀಸಿನ ಹೊರಗೂ ಅದು ಸಲ್ಲುತ್ತದೆ ಎಂದು ಕಲಿಸಿದ್ದು ಆ ಡಿಸೆಂಬರ್. ಈಗಲೂ ಅಕ್ಟೋಬರ್‌ನಲ್ಲಿ ಫೋನುಗಳು ಬರುತ್ತವೆ, ಈಗಲೂ ಊಟದ ಹೊತ್ತಿಗೇ. ಯಜಮಾನರು ಹಾರ್ಸ್‌ಪವರ್ ಹೇಳಲು ಶುರು ಮಾಡುವಾಗಲೇ ತಡೆಯುತ್ತೇನೆ: "ಆ ಕಾರನ್ನು ದಿನಾ ಓಡಿಸುವವರು ಯಾರೋ, ಅವರ ಕೈಗೆ ಫೋನ್ ಕೊಡು ಮಾರಾಯ." ಆಚೆ ಫೋನ್ ಕೈ ಬದಲಾಗುತ್ತದೆ. ಆಮೇಲೆ ಎಷ್ಟೋ ಸಲ ಒಂದು ಹೆಣ್ಣು ದನಿ, ಯಾರಿಗೂ ಕೇಳಿಸಬಾರದು ಎಂಬಂತೆ ಮೆಲ್ಲಗೆ ಹೇಳುತ್ತದೆ: "ಸಾರ್, ನಂಗೆ ಇಳಿಜಾರಲ್ಲಿ ಭಯ ಆಗತ್ತೆ."

ತಟ್ಟೆ ಪಕ್ಕಕ್ಕೆ ಸರಿಸಿ ಕೂರುತ್ತೇನೆ.